ಟೆಂಡರ್‌ನಲ್ಲಿ ಕಂಪನಿ ಹೆಸರು ಹಾಕಬಹುದಾ? ಯುರೋಪಿನ ಐಟಿ ಸ್ಟ್ಯಾಂಡರ್ಡ್‌ಗಳ ಬಗ್ಗೆ ರೂಪಾ ಮೇಡಂಗೆ ಕೇಳಿ

ಕಿರಣ್, ಐಂಡ್‌ಹೋವನ್: ಮೇಡಂ, ಟೈಪ್-ಸಿ ಇಲ್ಲದ ಹಳೇ ಫೋನ್ ಇಟ್ಟುಕೊಂಡರೆ ದಂಡ ಅಂತ ಫಾರ್ವರ್ಡ್ ಬಂದಿದೆ. ನಿಜಾನಾ?

ರೂಪಾ: ಸುಳ್ಳು. 2024ರ ಡಿಸೆಂಬರ್ 28ರಿಂದ ಮಾರುಕಟ್ಟೆಗೆ ಬರುವ ಹೊಸ ಫೋನುಗಳಿಗೆ ಮಾತ್ರ ಟೈಪ್-ಸಿ ಚಾರ್ಜಿಂಗ್ ಕಡ್ಡಾಯ. ಲ್ಯಾಪ್‌ಟಾಪ್‌ಗೆ 2026ರ ಏಪ್ರಿಲ್ 28. ಕೈಲಿರುವ ಫೋನ್ ಧಾರಾಳವಾಗಿ ಬಳಸಿ.

ಶ್ರೀಧರ, ಸ್ಟುಟ್‌ಗಾರ್ಟ್: ನಮ್ಮದು ಚಿಕ್ಕ ಕಂಪನಿ. ಇಲ್ಲಿನ ಒಂದು ಪುರಸಭೆ ಕಡತಗಳ ಸಾಫ್ಟ್‌ವೇರ್‌ಗೆ ಟೆಂಡರ್ ಕರೆದಿದೆ. ಫೈಲುಗಳು ಇಂಥ ಕಂಪನಿಯ ಆಫೀಸ್ ಪ್ಯಾಕೇಜ್‌ನದ್ದೇ ಆಗಿರಬೇಕು ಅಂತ ಹೆಸರು ಹಾಕಿ ಬರೆದಿದ್ದಾರೆ. ನಮ್ಮ ಸಾಫ್ಟ್‌ವೇರ್ ಓಡಿಎಫ್ ಅನ್ನುವ ಮುಕ್ತ ಫೈಲ್ ಮಾದರಿಯಲ್ಲಿ ಉಳಿಸುತ್ತದೆ. ಬಿಡ್ ಹಾಕಿ ಪ್ರಯೋಜನ ಇದೆಯಾ?



ರೂಪಾ: ಶ್ರೀಧರ ಅವರೇ, ಕೈಬಿಡಬೇಡಿ. ನನಗೆ ಜಾಸ್ತಿ ಚಿಂತೆ ಇಂಥ ಕೇಸ್‌ಗಳದ್ದೇ. ಯುರೋಪಿಯನ್ ಒಕ್ಕೂಟದ 2014ರ ಸಾರ್ವಜನಿಕ ಖರೀದಿ ನಿರ್ದೇಶನದ 42ನೇ ವಿಧಿ ತೆಗೆದು ಓದಿ. ಖರೀದಿಯ ವಿಷಯವೇ ಅದನ್ನು ಬೇಡದ ಹೊರತು ಒಬ್ಬರ ಬ್ರ್ಯಾಂಡ್ ಹೆಸರಿಸಿ ಅವರಿಗೆ ಅನುಕೂಲ ಮಾಡುವಂತಿಲ್ಲ. ಬೇರೆ ರೀತಿ ಸರಿಯಾಗಿ ವಿವರಿಸಲು ಆಗದಿದ್ದರೆ ಹೆಸರು ಹಾಕಬಹುದು, ಆದರೆ 'ಅಥವಾ ಅದಕ್ಕೆ ಸಮನಾದದ್ದು' ಅಂತ ಸೇರಿಸಲೇಬೇಕು. ಓಡಿಎಫ್ 2006ರಿಂದ ಅಂತರರಾಷ್ಟ್ರೀಯ ಐಎಸ್‌ಒ ಸ್ಟ್ಯಾಂಡರ್ಡ್, ನಂಬರ್ 26300. ಹಾಗಾಗಿ ವಿವರಿಸಲು ಆಗಲ್ಲ ಅನ್ನುವ ನೆಪ ನಿಲ್ಲುವುದು ಕಷ್ಟ.

ಸ್ಟ್ಯಾಂಡರ್ಡ್‌ಗಳ ಕಾನೂನು ತಿದ್ದಿ ಎಷ್ಟೋ ವರ್ಷ ಆಯಿತು. ಮೊದಲು ಯುರೋಪಿಯನ್ ಸ್ಟ್ಯಾಂಡರ್ಡ್ ಅಂದರೆ ಸೆನ್, ಸೆನೆಲೆಕ್, ಎಟ್ಸಿ ಅನ್ನುವ ಮೂರು ಅಧಿಕೃತ ಸಂಸ್ಥೆಗಳು ಬರೆದದ್ದು. ಇಂಟರ್ನೆಟ್ ನಡೆಯುವುದೋ ಐಇಟಿಎಫ್‌ನಂಥ ಎಂಜಿನಿಯರ್‌ಗಳ ಗುಂಪುಗಳು ಬರೆದದ್ದರ ಮೇಲೆ. ಒಕ್ಕೂಟದ 1025/2012 ನಿಯಮ ಬಂದ ಮೇಲೆ ಅವನ್ನೂ ಗುರುತಿಸಿ ಟೆಂಡರ್‌ನಲ್ಲಿ ಹಾಕಲು ದಾರಿಯಾಯಿತು. 2014ರಲ್ಲಿ ಇಂಟರ್ನೆಟ್ ವಿಳಾಸಗಳ ಹೊಸ ಪದ್ಧತಿ ಐಪಿವಿ6 ಹಾಗೆ ಸೇರಿತು. ಆದರೂ ಕಚೇರಿಗಳಲ್ಲಿ ಹಳೇ ಟೆಂಡರ್ ಕಾಪಿ ಮಾಡಿ ದಿನಾಂಕ ಬದಲಿಸುತ್ತಾರೆ. ಸುಧಾರಣೆ ಸಿಕ್ಕಿಹಾಕಿಕೊಂಡಿರುವುದು ಅಲ್ಲಿ.

ಮಂಜು, ಮ್ಯೂನಿಕ್: ಓಡಿಎಫ್ ನಂಬಿ ನಮ್ಮೂರಲ್ಲಿ ಏನಾಯ್ತು? ಲಿಮುಕ್ಸ್ ಅನ್ನುವ ಯೋಜನೆಯಲ್ಲಿ ನಗರಾಡಳಿತ ಸುಮಾರು 15,000 ಕಂಪ್ಯೂಟರ್ ಲಿನಕ್ಸ್‌ಗೆ ಬದಲಿಸಿ, 2017ರಲ್ಲಿ ವಿಂಡೋಸ್‌ಗೇ ವಾಪಸ್ ಅಂದರು.

ಅನಿತಾ, ಕೀಲ್: ನಮ್ಮ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಓಡಿಎಫ್ ಬಳಸುವ ಆಫೀಸ್ ಪ್ಯಾಕೇಜ್ ಲಿಬ್ರೆಆಫೀಸ್‌ಗೆ ಹೋಗುವ ತೀರ್ಮಾನ ಮಾಡಿತು. ಸುಮಾರು 30,000 ಕಂಪ್ಯೂಟರ್. ಅದು ಕಣ್ಣಿಗೆ ಬೀಳಲ್ವಾ?

ಮಂಜು: ತೀರ್ಮಾನ ಎಲ್ಲರೂ ಮಾಡುತ್ತಾರೆ.

ಅನಿತಾ: ಸುಮ್ನೆ ಅಡ್ಡ ಮಾತಾಡಬೇಡಿ. ನೀವು ಒಂದು ದಿನ ಆದರೂ ಬಳಸಿದ್ದೀರಾ?

ಮಂಜು: ನಿಮಗಿಂತ ಮುಂಚೆ.

ಪ್ರವೀಣ್, ಬ್ರಸೆಲ್ಸ್: ಯುರೋಪಿಯನ್ ಒಕ್ಕೂಟದ ಕೋರ್ಟ್ ಎಲ್ಲ ಸ್ಟ್ಯಾಂಡರ್ಡ್ ಫ್ರೀ ಮಾಡಿದೆಯಂತೆ. ಇಳಿಸಿಕೊಳ್ಳಲು ಲಿಂಕ್ ಹಾಕಿದ್ದೇನೆ.

ರೂಪಾ: ದಯವಿಟ್ಟು ಆ ಲಿಂಕ್ ಅಳಿಸಿ. 2024ರ ಮಾರ್ಚ್ 5ರ ತೀರ್ಪು ನಾಲ್ಕು ಸ್ಟ್ಯಾಂಡರ್ಡ್‌ಗಳ ಬಗ್ಗೆ, ಮುಖ್ಯವಾಗಿ ಆಟಿಕೆ ಸುರಕ್ಷತೆಯವು. ಕಾನೂನಿನ ಭಾಗವಾದದ್ದನ್ನು ಜನ ನೋಡುವಂತಿರಬೇಕು ಅಂದಿತು. ಒಳ್ಳೆಯ ತೀರ್ಪು. ಆದರೆ ಎಲ್ಲವೂ ಫ್ರೀ ಅಂತ ಎಲ್ಲೂ ಹೇಳಿಲ್ಲ. ಯಾರೋ ಕಳಿಸಿದ ಹಳೇ ಆವೃತ್ತಿ ನಂಬಿ ಉತ್ಪನ್ನ ಮಾಡಿದರೆ ನಷ್ಟ ನಿಮಗೇ.

ಸುರೇಶ್, ಲಿಯಾನ್: ಹಳೇ ಫೋನಿಗೆ ದಂಡ ಇದೆಯಾ ಮೇಡಂ?

ರೂಪಾ: ಮೇಲೆ ಬರೆದಿದ್ದೇನೆ.

ಶ್ರೀಧರ: ಪುರಸಭೆಗೆ ಫೋನ್ ಮಾಡಲಾ?

ರೂಪಾ: ಬೇಡ. ಗಡುವಿನೊಳಗೆ ಟೆಂಡರ್ ಪೋರ್ಟಲ್‌ನಲ್ಲೇ ಬರೆಯಿರಿ. ಬಿಡ್ ತೆರೆದ ಮೇಲೆ ತಕರಾರು ಎತ್ತಿದರೆ ತಡವಾಯಿತು ಅನ್ನುತ್ತಾರೆ. 'ಬ್ರ್ಯಾಂಡ್ ಹೆಸರು ತೆಗೆದು ಐಎಸ್‌ಒ 26300 ಅಥವಾ ಸಮನಾದದ್ದು ಎಂದು ತಿದ್ದುವಿರಾ? ಇಲ್ಲವಾದರೆ 42ನೇ ವಿಧಿಯಡಿ ಕಾರಣ ತಿಳಿಸಿ.' ಇಷ್ಟು ಸಾಕು. ಮಂಜು, ಅನಿತಾ, ನಿಮ್ಮ ಜಗಳ ಬೇರೆ ಕಡೆ ಮುಂದುವರಿಸಿ.