ಪಾರ್ಕಿಗೆ ಮೂರನೇ ಬೋರ್‌ವೆಲ್ ಬೇಡ ಅನ್ನೋದಾದ್ರೆ ಬೇರೆ ಏನು ಕೇಳಬೇಕು?

ಬೇಗೂರು ಟೀಚರ್:

ನಮಸ್ಕಾರ. ಬೇಗೂರು ಕಡೆಯ ಒಂದು ಹಳೇ ಲೇಔಟ್‌ನಲ್ಲಿ ಇಪ್ಪತ್ತು ವರ್ಷದಿಂದ ಇದ್ದೀನಿ. 2007ರಲ್ಲಿ ಬೆಂಗಳೂರಿಗೆ ಸೇರಿಸಿಕೊಂಡರಲ್ಲ 110 ಹಳ್ಳಿ, ಆ ಭಾಗ. ನಮ್ಮದು ಒಂದೂಕಾಲು ಎಕರೆ ಪಾರ್ಕ್. ಹೊಂಗೆ, ಸಂಪಿಗೆ, ಎರಡು ಅರಳಿ ಮರ, ಮಧ್ಯದಲ್ಲಿ ಹುಲ್ಲು.

ಮೊದಲನೇ ಬೋರ್ 650 ಅಡಿ. ಅದು ನಿಂತ ಮೇಲೆ ಎರಡನೇದು 1,050 ಅಡಿ ಕೊರೆಸಿದರು. 2024ರ ಏಪ್ರಿಲ್‌ನಲ್ಲಿ ಅದೂ ಹೋಯಿತು. ಆವತ್ತು ನಾನು ಅಲ್ಲೇ ಇದ್ದೆ. ಮೋಟರ್ ಹಾಕಿದರು. ಪೈಪ್ ಎರಡು ಸಲ ಕೆಮ್ಮಿ ಒಂದು ಬೊಗಸೆ ಕೆಂಪು ನೀರು ಉಗುಳಿತು, ಆಮೇಲೆ ಬರೀ ಸದ್ದು. ಮಾಲಿ ತಾತ ಪೈಪಿನ ಬಾಯಿಗೆ ಅಂಗೈ ಹಿಡಿದು, "ಗಾಳಿ ಬತ್ತಾ ಅದೆ ಅಮ್ಮಾ" ಅಂದರು. ಸ್ವಲ್ಪ ಹೊತ್ತು ಕೈ ತೆಗೀಲೇ ಇಲ್ಲ. ಆ ಬೇಸಿಗೆಯಲ್ಲಿ ಹುಲ್ಲೆಲ್ಲ ಸುಟ್ಟುಹೋಯಿತು, ಮರಗಳು ಉಳಿದವು.

2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ನಮ್ಮ ಬೀದಿಗೂ ನಲ್ಲಿ ನೀರು ಬಂತು. ಈಗ ಪಾರ್ಕ್ ಅಭಿವೃದ್ಧಿಗೆ ಹಣ ಮಂಜೂರಾಗಿದೆ ಅಂತ ಹೋದ ವಾರ ನಕ್ಷೆ ತೋರಿಸಿದರು. ಹೊಸ ಲಾನ್ ಅರ್ಧ ಎಕರೆ, ಒಂದು ಕಾರಂಜಿ, ವಾಕಿಂಗ್ ಪಾತ್‌ಗೆಲ್ಲ ಇಂಟರ್‌ಲಾಕ್ ಟೈಲ್ಸ್, ಓಪನ್ ಜಿಮ್. ನಕ್ಷೆಯಲ್ಲಿ ಡಸ್ಟ್‌ಬಿನ್ ಎಲ್ಲಿ ಇಡ್ತಾರೆ ಅನ್ನೋದೂ ಇದೆ. ನೀರು ಎಲ್ಲಿಂದ ಅನ್ನೋದು ಇಲ್ಲ. ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದೆ.

ಕೇಳಿದ್ದಕ್ಕೆ ಒಬ್ಬರು "1,400 ಅಡಿಗೆ ಇನ್ನೊಂದು ಬೋರ್ ಹಾಕಿಸೋಣ" ಅಂದರು. ನಮ್ಮ ಸಂಘದವರೇ ಒಬ್ಬರು "ಕಾವೇರಿ ಬಂದಿದೆಯಲ್ಲ, ಅದರಿಂದಲೇ ಒಂದು ಕನೆಕ್ಷನ್ ತಗೊಳ್ಳೋಣ" ಅಂದರು. ಎರಡೂ ನನಗೆ ಸರಿ ಅನ್ನಿಸ್ತಿಲ್ಲ. ಆದ್ರೆ ಬೇಡ ಅಂತ ಮಾತ್ರ ಹೇಳಿ ಕೂತರೆ ಯಾರೂ ಕೇಳಲ್ಲ. ಶನಿವಾರ ಸಭೆ ಇದೆ. ನಕ್ಷೆಯಲ್ಲಿ ಏನು ಬರೆಸಬೇಕು, ಯಾವ ಪ್ರಶ್ನೆ ಕೇಳಬೇಕು, ತಿಳಿದವರು ದಯವಿಟ್ಟು ಹೇಳಿ.

ಪಂಪ್‌ಹೌಸ್ ನಿವೃತ್ತ:

ಮೇಡಂ, ನಾನು ನೀರು ಸರಬರಾಜು ಕೆಲಸದಲ್ಲೇ ನಿವೃತ್ತನಾದವನು. ಮೊದಲು ಕಾವೇರಿ ಕನೆಕ್ಷನ್ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಅದನ್ನು ಕೇಳಿ ಸಂಕಟ ಆಯಿತು.

ಆ ನೀರು ನಿಮ್ಮ ಬೀದಿಗೆ ಬರೋದು ಸುಮಾರು 100 ಕಿಲೋಮೀಟರ್ ದೂರದಿಂದ. ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಅಲ್ಲಿಂದ ಹಾರೋಹಳ್ಳಿ, ಅಲ್ಲಿಂದ ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ಹೆಚ್ಚೂಕಡಿಮೆ 500 ಮೀಟರ್ ಮೇಲಕ್ಕೆತ್ತಬೇಕು. ಹಗಲು ರಾತ್ರಿ ಮೋಟರ್ ನಿಲ್ಲೋ ಹಾಗಿಲ್ಲ. ಮೊದಲ ನಾಲ್ಕು ಹಂತದಿಂದ ದಿನಕ್ಕೆ 145 ಕೋಟಿ ಲೀಟರ್, ಐದನೇದರಿಂದ ಇನ್ನೂ 77.5 ಕೋಟಿ ಲೀಟರ್. ಇಷ್ಟು ಕಷ್ಟಪಟ್ಟು ಏರಿಸಿದ ನೀರನ್ನು ಹುಲ್ಲಿಗೆ ಬಿಡೋದನ್ನ ನೋಡಕ್ಕಾಗಲ್ಲ. 2024ರ ಮಾರ್ಚ್‌ನಲ್ಲಿ ಕುಡಿಯೋ ನೀರನ್ನು ಗಿಡಕ್ಕೆ, ಕಾರಂಜಿಗೆ, ಕಾರು ತೊಳೆಯೋಕೆ ಬಳಸಬಾರದು ಅಂತ ಜಲಮಂಡಳಿ 5,000 ರೂಪಾಯಿ ದಂಡ ಹಾಕಿದ್ದು ನಿಮಗೆ ನೆನಪಿರಬೇಕು. ಇಂಥ ಆದೇಶ ಮುಂದಿನ ಬೇಸಿಗೆಯಲ್ಲಿ ಮತ್ತೆ ಬಂದರೆ ಕಾವೇರಿ ನಂಬಿದ ಲಾನ್ ಆವತ್ತೇ ಸಾಯುತ್ತೆ.

ಇನ್ನು ಲಾನ್ ಲೆಕ್ಕ. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಬೇಕು ಅಂತಿಟ್ಟುಕೊಳ್ಳಿ. ಅರ್ಧ ಎಕರೆ ಅಂದ್ರೆ ಸುಮಾರು 2,000 ಚದರ ಮೀಟರ್. ದಿನಕ್ಕೆ 10,000 ಲೀಟರ್, ಎರಡು ಟ್ಯಾಂಕರ್. ಸಭೆಯಲ್ಲಿ ಬೇರೇನೂ ಹೇಳದಿದ್ದರೂ ಪರವಾಗಿಲ್ಲ, ಈ ಒಂದು ಸಂಖ್ಯೆ ಹೇಳಿ, "ದಿನಾ ಎರಡು ಟ್ಯಾಂಕರ್ ಎಲ್ಲಿಂದ ತರ್ತೀರಿ, ಬರಕೊಡಿ" ಅಂತ ಕೇಳಿ.

ಹತ್ತಿರದಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಇದೆಯಾ? ಎಷ್ಟು ಮನೆ?

ಬೇಗೂರು ಟೀಚರ್:

ಇದೆ ಸರ್. ಪಾರ್ಕಿನಿಂದ 300 ಮೀಟರ್ ಇರಬಹುದು, 180 ಮನೆ. ಅವರ ಕಾಂಪೌಂಡ್ ಪಕ್ಕದ ಮೋರಿಯಲ್ಲಿ ಬೆಳಿಗ್ಗೆ ತಿಳಿ ನೀರು ಹರೀತಿರುತ್ತೆ. ಎಲ್ಲೋ ಪೈಪ್ ಒಡೆದಿದೆ ಅಂದ್ಕೊಂಡಿದ್ದೆ.

ಪಂಪ್‌ಹೌಸ್ ನಿವೃತ್ತ:

ಅದು ಬಹುಶಃ ಅವರ ಎಸ್‌ಟಿಪಿ, ಅಂದ್ರೆ ಕೊಳಚೆ ಶುದ್ಧ ಮಾಡೋ ಘಟಕದ ನೀರು. 180 ಮನೆ, ಮನೆಗೆ ನಾಲ್ಕು ಜನ, ತಲೆಗೆ 135 ಲೀಟರ್ ಅಂದ್ರೆ ದಿನಕ್ಕೆ ಸುಮಾರು 97,000 ಲೀಟರ್. ಅದರಲ್ಲಿ ನೂರಕ್ಕೆ ಎಂಬತ್ತು ಭಾಗ ಕೊಳಚೆಯಾಗಿ ಹೊರಗೆ ಬರುತ್ತೆ. ಶುದ್ಧ ಮಾಡಿ ಅರ್ಧ ಅವರೇ ಫ್ಲಶ್‌ಗೆ, ಗಿಡಕ್ಕೆ ಬಳಸಿಕೊಂಡರೂ ಮೂವತ್ತು ಸಾವಿರ ಲೀಟರಿಗಿಂತ ಹೆಚ್ಚು ಮೋರಿಗೆ ಹೋಗ್ತಿದೆ. ನಿಮ್ಮ ಪಾರ್ಕಿಗೆ ಧಾರಾಳ ಸಾಕು. ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎರಡಕ್ಕೂ ಕೊಳಚೆ ನೀರು ಶುದ್ಧ ಮಾಡಿ ಬಿಡೋ ಘಟಕಗಳಿವೆ, ಹೊಸ ವಿಷಯವೇನಲ್ಲ.

ಆದ್ರೆ ಕಣ್ಣುಮುಚ್ಚಿ ತಗೊಬೇಡಿ. ಪರೀಕ್ಷೆ ವರದಿ ಕೇಳಿ. ಬಿಒಡಿ, ಅಂದ್ರೆ ನೀರಲ್ಲಿ ಉಳಿದ ಕೊಳೆಯ ಅಳತೆ, ಲೀಟರಿಗೆ 10 ಮಿಲಿಗ್ರಾಂ ಒಳಗೆ ಇರಬೇಕು, ವಾಸನೆ ಇರಬಾರದು. ಮಕ್ಕಳು ಆಡೋ ಜಾಗದಲ್ಲಿ ಸ್ಪ್ರಿಂಕ್ಲರ್ ಬೇಡವೇ ಬೇಡ, ಹನಿ ಪೈಪಿನಲ್ಲಿ ಗಿಡದ ಬುಡಕ್ಕೆ ಬಿಡಿ. ಪೈಪಿನ ಬಣ್ಣ ಬೇರೆ ಇರಲಿ, ನಲ್ಲಿಯ ಮೇಲೆ "ಕುಡಿಯುವ ನೀರಲ್ಲ" ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ.

ಇನ್ನೊಂದು. 2025ರ ಸೆಪ್ಟೆಂಬರ್‌ನಿಂದ ಪಾಲಿಕೆ ಐದಾಗಿದೆ. ಪಾರ್ಕ್ ನೋಡಿಕೊಳ್ಳೋದು ಪಾಲಿಕೆ, ನೀರು ಜಲಮಂಡಳಿ. ಒಬ್ಬರ ನಕ್ಷೆ ಇನ್ನೊಬ್ಬರ ಟೇಬಲ್‌ಗೆ ಹೋಗದೇ ಇದ್ರೆ ಹೀಗೇ ಆಗೋದು. ನಾನು ಕೆಲಸದಲ್ಲಿದ್ದಾಗಲೂ ಪಾರ್ಕ್ ಪೂರ್ತಿಯಾದ ಮೇಲೆ "ಸಾರ್ ಲೈನ್ ಕೊಡಿ" ಅಂತ ಬರ್ತಿದ್ದರು. ಸಭೆಗೆ ಇಬ್ಬರನ್ನೂ ಕರೆಸಿ ಅಂತ ಮೊದಲೇ ಅರ್ಜಿ ಕೊಡಿ.

ಸರ್ಜಾಪುರ ಬಾವಿ:

ಅಮ್ಮ, ನಾವು ಮಣ್ಣು ವಡ್ಡರು, ತಲೆತಲಾಂತರದಿಂದ ಬಾವಿ ತೋಡೋರು. ಕಬ್ಬನ್ ಪಾರ್ಕಿನ ಹಳೇ ಬಾವಿಗಳ ಹೂಳೆತ್ತಿ, ಇಂಗುಬಾವಿ ತೋಡಿದ್ದು ನಮ್ಮ ಜನವೇ.

ಸರ್ ಹೇಳಿದ್ದು ಸರಿ, ನಾನು ಮಳೆ ನೀರಿನ ಮಾತು ಸೇರಿಸ್ತೀನಿ. ಬೆಂಗಳೂರಲ್ಲಿ ವರ್ಷಕ್ಕೆ 970 ಮಿಲಿಮೀಟರ್ ಹತ್ತಿರ ಮಳೆ ಬೀಳುತ್ತೆ. ನಿಮ್ಮ ಒಂದೂಕಾಲು ಎಕರೆ ಮೇಲೆ ಬೀಳೋದೇ ಸುಮಾರು 49 ಲಕ್ಷ ಲೀಟರ್. ಪಾತ್ ಪೂರ್ತಿ ಟೈಲ್ಸ್ ಹಾಕಿ ಸಂದಿಗೆಲ್ಲ ಸಿಮೆಂಟ್ ತುಂಬಿದರೆ ಪಾತ್ ಮೇಲೆ ಬಿದ್ದದ್ದು ಮೋರಿಗೆ ಹೋಯ್ತು. ಅದಕ್ಕೇ ಪಾತ್ ಮಣ್ಣಿನದೇ ಇರಲಿ. ಮೂರಡಿ ಅಗಲ, ಇಪ್ಪತ್ತು ಅಡಿ ಆಳದ ಇಂಗುಬಾವಿ ಒಂದಕ್ಕೆ ಒಂದು ಸಲಕ್ಕೆ 4,000 ಲೀಟರ್ ಹಿಡಿಯುತ್ತೆ, ಮತ್ತೆ ಇಂಗುತ್ತೆ, ಮತ್ತೆ ತುಂಬುತ್ತೆ. ರಿಂಗ್ ಇಳಿಸಿ, ಮುಂದೆ ಹೂಳು ನಿಲ್ಲೋಕೆ ಒಂದು ಸಣ್ಣ ಗುಂಡಿ ಮಾಡಬೇಕು. ಆ ಗುಂಡಿ ಮಳೆಗಾಲಕ್ಕೆ ಮೊದಲು ಬಾಚದಿದ್ರೆ ಬಾವಿ ಎರಡು ವರ್ಷಕ್ಕೆ ಕಟ್ಟಿಕೊಳ್ಳುತ್ತೆ. ಬಹಳ ಕಡೆ ಇಲ್ಲೇ ಕೆಡೋದು. ತೋಡಿಸಿದವರು ಫೋಟೋ ತೆಗೆಸಿಕೊಂಡು ಹೋಗ್ತಾರೆ, ಬಾಚೋರು ಇರಲ್ಲ.

ಎಸ್‌ಟಿಪಿ ನೀರನ್ನ ಮಾತ್ರ ಇಂಗುಬಾವಿಗೆ ಬಿಡಲೇಬೇಡಿ. ಬಾವಿಗೆ ಮಳೆ ನೀರು ಮಾತ್ರ. ಕೆಳಗಿನ ನೀರು ಒಂದು ಸಲ ಕೆಟ್ಟರೆ ಯಾರ ಕೈಲೂ ಸರಿಮಾಡಕ್ಕಾಗಲ್ಲ.

ಕೋಲಾರದವನು:

ನಮ್ಮ ಕಡೆಯ ಮಾತೂ ಒಂದು ಇರಲಿ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂದಾಗ ನೋಡೋಕೆ ಹೋಗಿದ್ದೆ. ಬರಿದಾಗಿ ಜಾಲಿ ಬೆಳೆದಿದ್ದ ಕೆರೆಗಳಿಗೆ ಬೆಂಗಳೂರು ಬಳಸಿಬಿಟ್ಟ ನೀರು ತುಂಬಿತು. ಆ ಯೋಜನೆಯ ಲೆಕ್ಕವೇ ದಿನಕ್ಕೆ 44 ಕೋಟಿ ಲೀಟರ್. ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದಿದ್ದು ನಿಜ. ಎರಡೇ ಹಂತ ಶುದ್ಧ ಮಾಡಿ ಕಳಿಸ್ತಾರೆ, ಮೂರನೇ ಹಂತವೂ ಮಾಡಿ ಅಂತ ನಾವು ಇವತ್ತಿಗೂ ಕೇಳ್ತಿರೋದೂ ನಿಜ.

ನಿಮ್ಮ ಪಾರ್ಕಿಗೆ ಹತ್ತು ಸಾವಿರ ಲೀಟರ್ ಬಳಸಿದ್ರೆ ನಮಗೇನೂ ಕಡಿಮೆ ಆಗಲ್ಲ ಮೇಡಂ, ಬಳಸಿಕೊಳ್ಳಿ. ಆದ್ರೆ ಬೆಂಗಳೂರಿನ ಮೋರಿ ನೀರು ಅಂದ್ರೆ ಯಾರಿಗೂ ಬೇಡದ ನೀರು ಅಂತ ಯಾರಾದ್ರೂ ಸಭೆಯಲ್ಲಿ ಅಂದ್ರೆ, ಅದನ್ನ ಕಾಯ್ತಿರೋ ಊರುಗಳಿವೆ ಅಂತ ಹೇಳಿ. ಕುಡಿಯೋ ನೀರು ಮಂಡ್ಯ ಕಡೆಯಿಂದ, ಬಳಸಿದ ನೀರು ಕೋಲಾರ ಕಡೆಗೆ. ಯಾರಿಗೆ ಎಷ್ಟು, ಎಷ್ಟು ಶುದ್ಧವಾಗಿ ಅನ್ನೋದು ಮೂರೂ ಕಡೆಯವರು ಕೂತು ಬರೆಯಬೇಕಾದ ಯೋಜನೆ.

ಬೇಗೂರು ಟೀಚರ್:

ಎಲ್ಲರಿಗೂ ಕೃತಜ್ಞತೆ. ಶನಿವಾರದ ಸಭೆ ಮುಗಿಸಿ ಬರೀತಿದ್ದೀನಿ.

ಎರಡು ಟ್ಯಾಂಕರ್ ಲೆಕ್ಕ ಹೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಾರಂಜಿ ತೆಗೆದರು. ಬೋರ್ ಮಾತು ಸದ್ಯಕ್ಕೆ ನಿಂತಿದೆ, ಅದಕ್ಕೆ ಜಲಮಂಡಳಿ ಅನುಮತಿ ಬೇಕು ಅಂತ ಅವರೇ ಒಪ್ಪಿಕೊಂಡರು. ಲಾನ್ ಬಿಟ್ಟುಕೊಡೋಕೆ ನಮ್ಮ ಬೀದಿಯವರೇ ಒಪ್ಪಲಿಲ್ಲ, ಸಂಜೆ ಮಕ್ಕಳನ್ನ ಎಲ್ಲಿ ಬಿಡೋದು ಅಂತ ಕೇಳಿದರು. ಆ ಪ್ರಶ್ನೆಯೂ ನ್ಯಾಯವೇ. ಅರ್ಧ ಎಕರೆಯನ್ನ ಐದು ಗುಂಟೆಗೆ ಇಳಿಸಿ, ಉಳಿದ ಜಾಗದಲ್ಲಿ ನೇರಳೆ, ಬೇವು ಹಾಕೋದು ಅಂತಾಯಿತು. ಇಂಜಿನಿಯರ್ ನಮ್ಮೆದುರೇ ಪೆನ್ಸಿಲ್‌ನಲ್ಲಿ ನಕ್ಷೆ ಮೇಲೆ ಒಂದು ಗೆರೆ ಎಳೆದು "ಸಂಸ್ಕರಿಸಿದ ನೀರಿನ ಲೈನ್" ಅಂತ ಬರೆದರು. ಪೆನ್ನಿನಲ್ಲಿ ಬರೀರಿ ಅಂದೆ, ಬರೆದರು.

ಅಪಾರ್ಟ್‌ಮೆಂಟ್‌ನವರು ನೀರು ಕೊಡೋಕೆ ತಯಾರು. 300 ಮೀಟರ್ ಪೈಪಿಗೆ ರಸ್ತೆ ಅಗೆಯಬೇಕು, ಅದರ ಖರ್ಚು ಪಾರ್ಕಿನ ಹಣದಿಂದಲೇ ಆಗುತ್ತಾ ಅನ್ನೋದಕ್ಕೆ ಮಾತ್ರ ಉತ್ತರ ಸಿಕ್ಕಿಲ್ಲ. ರಸ್ತೆ ಅಗೆಯೋ ಅನುಮತಿ ತಗೊಂಡ ಅನುಭವ ಇರೋರು ಇದ್ದರೆ ಬರೀರಿ.

ಸರ್ಜಾಪುರದ ತಮ್ಮ, ಭಾನುವಾರ ಬೆಳಿಗ್ಗೆ ಬಂದು ನೀರಿನ ಇಳಿಜಾರು ಯಾವ ಕಡೆ ಅಂತ ನೋಡ್ತೀಯೇನಪ್ಪ? ಏಳಕ್ಕೆ ಮಾಲಿ ತಾತ ಗೇಟ್ ಬೀಗ ತೆಗೆದಿರ್ತಾರೆ. ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತೆ ಅನ್ನೋದು ಅವರಿಗೆ ಅಂಗೈ ಗೆರೆಯ ಹಾಗೆ ಗೊತ್ತು. ಮೊದಲು ಅವರನ್ನೇ ಕೇಳು.