ಎರಡು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗದ ಕಾರು: ದೋಷ ಬ್ಯಾಟರಿಯದ್ದೇ?

ಪ್ರಶ್ನೆ: ಕಾರನ್ನು ಎರಡು ದಿನ ನಿಲ್ಲಿಸಿದರೆ ಸ್ಟಾರ್ಟರ್ ನಿಧಾನವಾಗಿ ತಿರುಗಿ ನಿಂತುಬಿಡುತ್ತದೆ, ಪ್ರತಿದಿನ ಓಡಿಸಿದರೆ ತೊಂದರೆಯಿಲ್ಲ. ಬ್ಯಾಟರಿಗೆ ನಾಲ್ಕು ವರ್ಷವಾಗಿದೆ. ಬದಲಾಯಿಸುವ ಮೊದಲು ಏನನ್ನು ಪರೀಕ್ಷಿಸಬೇಕು?

ಉತ್ತರ 1: ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯನ್ನು ಮಲ್ಟಿಮೀಟರ್‌ನಿಂದ ಅಳೆಯಿರಿ. ಸುಮಾರು 12.6 ವೋಲ್ಟ್ ಇದ್ದರೆ ಅದು ಪೂರ್ಣ ಚಾರ್ಜ್ ಆಗಿದೆ, 12.2ಕ್ಕೆ ಇಳಿದಿದ್ದರೆ ಅರ್ಧದಷ್ಟೇ ಉಳಿದಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 14 ವೋಲ್ಟಿನ ಆಸುಪಾಸು ಕಾಣಬೇಕು. ಕಾಣದಿದ್ದರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಭಾಗ) ಕಡೆ ನೋಡಿ.

ಉತ್ತರ 2: ಟರ್ಮಿನಲ್‌ಗಳ ಮೇಲೆ ಬಿಳಿ ಪುಡಿ ಕಟ್ಟಿದ್ದರೆ, ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಉಜ್ಜಿ, ಒಣಗಿಸಿ, ಅದೇ ತಂತಿಯನ್ನು ಕೊನೆಯಲ್ಲಿ ಬಿಗಿಗೊಳಿಸಿ. ಕೈಗವಸು, ಕನ್ನಡಕ ಮರೆಯಬೇಡಿ, ಒಳಗಿರುವುದು ಗಂಧಕಾಮ್ಲ.

ಪ್ರಶ್ನೆ ಕೇಳಿದವರು: ಶುಚಿಗೊಳಿಸಿ, ಚಾರ್ಜರ್‌ನಿಂದ ಪೂರ್ಣ ಚಾರ್ಜ್ ಮಾಡಿದೆ. ಎಂಜಿನ್ ಓಡುವಾಗ 14.2 ಇದೆ. ಆದರೂ ಎರಡು ದಿನಗಳಲ್ಲಿ 12.1ಕ್ಕೆ ಇಳಿಯಿತು.

ಉತ್ತರ 1: ಹಾಗಾದರೆ ಪೂರ್ಣ ಚಾರ್ಜ್ ಮಾಡಿದ ಬ್ಯಾಟರಿಯನ್ನು ತಂತಿ ಬಿಚ್ಚಿಯೇ ಎರಡು ದಿನ ಇಡಿ. ಆಗಲೂ ವೋಲ್ಟೇಜ್ ಇಷ್ಟೇ ಇಳಿದರೆ ಸೆಲ್ ಕೆಟ್ಟಿದೆ, ಬದಲಾಯಿಸಲೇಬೇಕು. ಇಳಿಯದಿದ್ದರೆ ಕಾರೇ ವಿದ್ಯುತ್ತನ್ನು ಹೀರುತ್ತಿದೆ: ಬಿಚ್ಚಿದ ನೆಗೆಟಿವ್ ತಂತಿ ಮತ್ತು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ನಡುವೆ ಆಮ್ಮೀಟರ್ (ವಿದ್ಯುತ್ ಪ್ರವಾಹ ಅಳೆಯುವ ಮೀಟರ್) ಜೋಡಿಸಿ, ಕಾರನ್ನು ಲಾಕ್ ಮಾಡಿ ಅರ್ಧ ಗಂಟೆ ಕಾದ ಮೇಲೂ 50 ಮಿಲಿಆಂಪಿಯರ್‌ಗಿಂತ ಹೆಚ್ಚು ತೋರಿಸಿದರೆ, ಒಂದೊಂದೇ ಫ್ಯೂಸ್ ತೆಗೆಯುತ್ತ ಬನ್ನಿ, ಯಾವುದನ್ನು ತೆಗೆದಾಗ ಅಳತೆ ತಟ್ಟನೆ ಇಳಿಯುತ್ತದೆಯೋ ಆ ಸರ್ಕ್ಯೂಟ್‌ನಲ್ಲೇ ದೋಷವಿದೆ.