"ಅಲ್ಲಿಗೆ ಯಾರೂ ಹೋಗುವುದಿಲ್ಲ": ಊರ ನಡುಭಾಗದ ಬಗ್ಗೆ ನಮ್ಮ ಕುಟುಂಬದ ಗುಂಪಿನಲ್ಲಿ ನಡೆದ ಜಗಳ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಈಗ ಹೆಚ್ಚಿನವರು ಹೊರವಲಯದ ಬಡಾವಣೆಗಳಲ್ಲಿ ಇದ್ದಾರೆ. ಊರ ನಡುವೆ ಉಳಿದಿರುವುದು ಚಿಕ್ಕಪ್ಪನ ಮನೆಯವರು ಮಾತ್ರ. ಮೊನ್ನೆ ಭಾವ ಹಾಕಿದ ಒಂದು ಫಾರ್ವರ್ಡ್ ಮೇಲೆ ದಿನವಿಡೀ ಮಾತು ನಡೆಯಿತು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಇಂಥ ಜಗಳ ಬೇರೆ ಮನೆಗಳಲ್ಲೂ ನಡೆಯುತ್ತಿರುತ್ತದೆ ಅಂತ ನನಗೆ ಗೊತ್ತು.

ಭಾವ (ಫಾರ್ವರ್ಡ್): ಹೊರವಲಯದಲ್ಲಿ ಮನೆ ಇರುವವರು ತಪ್ಪದೆ ಓದಿ!! ಡೌನ್‌ಟೌನ್ ಕಥೆ ಮುಗಿಯಿತು. ಆಫೀಸುಗಳು ಖಾಲಿ, ಅಂಗಡಿಗಳಿಗೆ ಬೀಗ. ಅಲ್ಲಿಗೆ ಯಾರೂ ಹೋಗುವುದಿಲ್ಲ. ಆದರೂ ನಮ್ಮ ತೆರಿಗೆ ಎಲ್ಲ ಅಲ್ಲಿಗೇ. ಈಗ ಕಾರು ಒಳಗೆ ತಂದರೆ ದುಡ್ಡು ಕಟ್ಟಬೇಕಂತೆ. ಲಂಡನ್, ನ್ಯೂಯಾರ್ಕ್‌ನಲ್ಲಿ ಆಯಿತು. ಮುಂದಿನ ಸರದಿ ನಮ್ಮದೇ. ಎಲ್ಲ ಗುಂಪುಗಳಿಗೂ ಕಳಿಸಿ.

ಭಾವ: ನಾನು ಇಷ್ಟು ದಿನ ಹೇಳುತ್ತಿದ್ದದ್ದು ಇದನ್ನೇ.

ಪುಟ್ಟಿ: ಯಾರು ಬರೆದದ್ದು ಭಾವ? ಎಲ್ಲಿಂದ ಬಂತು?

ಭಾವ: ಆಫೀಸ್ ಗುಂಪಿನಲ್ಲಿ ಬಂತು.

ಪುಟ್ಟಿ: ಅದು ಬಂದ ದಾರಿ. ನಾನು ಕೇಳಿದ್ದು ಮೂಲ. ಇನ್ನೊಂದು ವಿಷಯ. ಅಲ್ಲಿಗೆ ಯಾರೂ ಹೋಗುವುದಿಲ್ಲ ಅಂದರೆ, ಕಾರಿಗೆ ದುಡ್ಡು ಹಾಕುವಷ್ಟು ಟ್ರಾಫಿಕ್ ಎಲ್ಲಿಂದ ಬಂತು? ಎರಡರಲ್ಲಿ ಒಂದು ಮಾತ್ರ ನಿಜ ಇರಬಹುದು ಅಲ್ವಾ?

ದೊಡ್ಡಪ್ಪ: ಪುಟ್ಟಿ, ದೊಡ್ಡವರು ಒಂದು ವಿಷಯ ಹಾಕಿದರೆ ಮೊದಲು ಸಮಾಧಾನವಾಗಿ ಓದಬೇಕು. ಅಳಿಯಂದಿರು ಸುಮ್ನೆ ಹಾಕಿರುವುದಿಲ್ಲ.

ಪುಟ್ಟಿ: ಓದಿದೆ ದೊಡ್ಡಪ್ಪ. ಓದಿದ್ದಕ್ಕೇ ಪ್ರಶ್ನೆ ಬಂತು. ನೀವು ಓದಿದಿರಾ?

ದೊಡ್ಡಪ್ಪ: ಓದುವುದೇನಿದೆ? ನನಗೆ ಗೊತ್ತಿರುವ ವಿಷಯ. ನಾನು ಸಿಟಿ ಒಳಗೆ ಹೋಗಿ ಎಷ್ಟು ಕಾಲವಾಯಿತೋ. ಮನೆ ಪಕ್ಕದ ಮಾಲ್‌ನಲ್ಲಿ ಎಲ್ಲ ಸಿಗುತ್ತದೆ. ಗಾಡಿ ನಿಲ್ಲಿಸಲು ಜಾಗ ಇದೆ. ಮನುಷ್ಯನಿಗೆ ಇನ್ನೇನು ಬೇಕು?

ಗುಂಡಣ್ಣ: ಸಿಟಿ ಒಳಗೆ ಅಂದ ತಕ್ಷಣ ಹಳೇ ಮನೆಯ ಮಹಡಿ ನೆನಪಾಯಿತು. ಕತ್ತಲಾದ ಮೇಲೆ ಅಲ್ಲಿ ನಿಂತರೆ ಎದುರು ಬೀದಿಯ ದೀಪದ ಬೋರ್ಡುಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಯಾವುದು ಮೊದಲು ಹತ್ತುತ್ತದೆ ಅಂತ ನಾವೆಲ್ಲ ಪಂದ್ಯ ಕಟ್ಟುತ್ತಿದ್ದೆವು.

ಅತ್ತೆ: ಹೌದು ಕಣೋ ಗುಂಡ. ಮಳೆ ಬಂದರೆ ರಸ್ತೆ ಮೇಲೆಲ್ಲ ಆ ಬಣ್ಣ ಬೀಳುತ್ತಿತ್ತು. ಎಂಥ ಗಿಜಿಗಿಜಿ. ಆದರೂ ಒಂದು ದಿನ ಭಯ ಅಂತ ಅನಿಸಿರಲಿಲ್ಲ.

ಚಿಕ್ಕಪ್ಪ: ಆ ಮನೆ ಮಾರಬೇಡಿ ಅಂತ ನಾನು ಆಗಲೇ ಹೇಳಿದ್ದೆ.

ದೊಡ್ಡಪ್ಪ: ಈಗ ಅದು ಯಾಕೆ?

ಚಿಕ್ಕಪ್ಪ: ಯಾಕೆಂದರೆ ಮೊದಲು ಸಹಿ ಹಾಕಿದವನು ನೀನು ಅಣ್ಣ. ಮಾರಿದ ದುಡ್ಡಿನಲ್ಲಿ ಹೊರಗೆ ಮನೆ ಕಟ್ಟಿಸಿಕೊಂಡು, ಈಗ ಡೌನ್‌ಟೌನ್ ಸತ್ತಿದೆ ಅಂತೀಯ. ನಾನು ಇಲ್ಲೇ ಇದ್ದೇನೆ. ಸತ್ತಿಲ್ಲ.

ಅತ್ತೆ: ಬೆಳಗ್ಗೆ ಬೆಳಗ್ಗೆ ಶುರು ಮಾಡಬೇಡಿ ಇಬ್ಬರೂ.

ಭಾವ: ಕಾರಿನ ಶುಲ್ಕದ ಬಗ್ಗೆ ಯಾರಾದರೂ ಮಾತಾಡುತ್ತೀರಾ? ನಾನು ಹಾಕಿದ್ದು ಅದಕ್ಕೆ.

ಯಾರೂ ಮಾತಾಡಲಿಲ್ಲ. ಮಧ್ಯಾಹ್ನದವರೆಗೆ ಹಳೇ ಮನೆಯ ಫೋಟೋಗಳೇ ಬಂದವು. ಅದರಲ್ಲಿ ಒಂದು ಬೇರೆ ಯಾರದೋ ಮನೆ ಅಂತ ಅತ್ತೆ, ಅಲ್ಲ ನಮ್ಮದೇ ಅಂತ ಗುಂಡಣ್ಣ. ಊಟದ ಹೊತ್ತಿಗೆ ಪುಟ್ಟಿ ಮಾಲ್ ವಿಷಯಕ್ಕೆ ವಾಪಸ್ ಬಂದಳು.

ಪುಟ್ಟಿ: ದೊಡ್ಡಪ್ಪ, ಸೂರಿನ ಕೆಳಗಿನ ಮಾಲ್ ಶುರುವಾದ ಕಥೆ ಗೊತ್ತಾ? ಅಮೆರಿಕದ ಮಿನಿಯಾಪೊಲಿಸ್ ಪಕ್ಕ ಈಡೈನಾ ಅನ್ನುವ ಕಡೆ 1956ರಲ್ಲಿ ಸೌತ್‌ಡೇಲ್ ಶುರುವಾಯಿತು. ಪೂರ್ತಿ ಸೂರಿನ ಕೆಳಗೆ ಕಟ್ಟಿದ ಮೊದಲ ದೊಡ್ಡ ಮಾಲ್‌ಗಳಲ್ಲಿ ಅದೊಂದು. ವಿನ್ಯಾಸ ಮಾಡಿದ ವಿಕ್ಟರ್ ಗ್ರೂಯೆನ್ ವಿಯೆನ್ನಾದಲ್ಲಿ ಹುಟ್ಟಿದವರು. ಹೊರವಲಯಕ್ಕೂ ಜನ ಸೇರುವ ಒಂದು ನಡುಮನೆ ಬೇಕು, ಸುತ್ತ ಮನೆ, ಶಾಲೆ, ಆಸ್ಪತ್ರೆ ಇರಬೇಕು ಅನ್ನುವುದು ಅವರ ಆಸೆ. ಉಳಿದದ್ದು ಅಂಗಡಿ ಮತ್ತು ಪಾರ್ಕಿಂಗ್. ಕೊನೆಗೆ ಅವರೇ ಮಾಲ್‌ಗಳಿಂದ ಬೇಸತ್ತು ಇದು ನನ್ನದಲ್ಲ ಅಂದರು.

ದೊಡ್ಡಪ್ಪ: ಆಯಿತು. ಅದಕ್ಕೆ ನಾನು ಏನು ಮಾಡಬೇಕು?

ಪುಟ್ಟಿ: ಏನೂ ಬೇಡ. ಮನುಷ್ಯನಿಗೆ ಇನ್ನೇನು ಬೇಕು ಅಂತ ನೀವೇ ಕೇಳಿದಿರಿ.

ಇಷ್ಟು ಹೊತ್ತು ನಾನು ಸುಮ್ಮನಿದ್ದೆ. ಭಾವನ ಚಿಂತೆಯನ್ನು ಯಾರೂ ಮುಟ್ಟಲಿಲ್ಲ ಅನ್ನುವುದು ನನಗೆ ಸರಿ ಕಾಣಲಿಲ್ಲ. ಫಾರ್ವರ್ಡ್ ಕೆಟ್ಟದಾಗಿ ಬರೆದದ್ದು ನಿಜ. ಆದರೆ ಅದರೊಳಗೆ ಒಂದು ಗಟ್ಟಿ ಪ್ರಶ್ನೆ ಇದೆ. ಹೊರಗಿರುವವರು ನಡುಭಾಗಕ್ಕೆ ಯಾಕೆ ದುಡ್ಡು ಕೊಡಬೇಕು, ಕೊಟ್ಟರೆ ಅವರ ಮಾತು ಯಾರು ಕೇಳುತ್ತಾರೆ? ಹಾಗಾಗಿ ಉದ್ದಕ್ಕೇ ಬರೆದೆ.

ನಾನು: ಭಾವ, ಶುಲ್ಕದ ವಿಷಯ ನಿಜ. ಲಂಡನ್‌ನಲ್ಲಿ 2003ರ ಫೆಬ್ರವರಿಯಲ್ಲಿ ಶುರುವಾಯಿತು. ಆಗ ದಿನಕ್ಕೆ 5 ಪೌಂಡ್. ನ್ಯೂಯಾರ್ಕ್‌ನಲ್ಲಿ 2025ರ ಜನವರಿ 5ರಿಂದ ಮ್ಯಾನ್‌ಹಾಟನ್‌ನ 60ನೇ ಬೀದಿಯಿಂದ ಕೆಳಗೆ ಕಾರು ಹೋದರೆ ದಟ್ಟಣೆಯ ಹೊತ್ತಿನಲ್ಲಿ 9 ಡಾಲರ್. ಆದರೆ "ನಮ್ಮ ತೆರಿಗೆ ಎಲ್ಲ ಅಲ್ಲಿಗೇ" ಅನ್ನುವುದು ಎಲ್ಲ ಕಡೆಗೂ ನಿಲ್ಲುವುದಿಲ್ಲ. ಹೊರವಲಯದಿಂದ ನ್ಯೂಯಾರ್ಕ್‌ಗೆ ಕೆಲಸಕ್ಕೆ ಬರುವವರ ಸಂಬಳದ ಮೇಲೆ ಸಣ್ಣದೊಂದು ತೆರಿಗೆ ಇತ್ತು. 0.45 ಶೇಕಡಾ. 1999ರಲ್ಲಿ ರಾಜ್ಯದ ಶಾಸಕರು ಅದನ್ನು ತೆಗೆದೇ ಹಾಕಿದರು. ಅದೇ ಅಮೆರಿಕದ ಫಿಲಡೆಲ್ಫಿಯಾದಲ್ಲಾದರೆ ಹೊರಗಿನಿಂದ ಬಂದು ದುಡಿಯುವವರು ಇವತ್ತಿಗೂ ನಗರಕ್ಕೆ ಸಂಬಳದ ತೆರಿಗೆ ಕಟ್ಟುತ್ತಾರೆ.

ನಾನು: ನಡುಭಾಗದಲ್ಲಿ ಏನೇನು ಇದೆ ನೋಡಿ. ದೊಡ್ಡ ಆಸ್ಪತ್ರೆ, ಕೋರ್ಟು, ವಿಶ್ವವಿದ್ಯಾಲಯ, ರೈಲು ನಿಲ್ದಾಣ, ಸಂಗ್ರಹಾಲಯ. ಅಮೆರಿಕದಲ್ಲಿ ಇವುಗಳಲ್ಲಿ ಹೆಚ್ಚಿನವು ಆಸ್ತಿ ತೆರಿಗೆ ಕಟ್ಟುವುದಿಲ್ಲ. ಬಳಸುವುದು ಇಡೀ ಪ್ರದೇಶ. ಸುತ್ತಲಿನ ರಸ್ತೆ, ಚರಂಡಿ, ಅಗ್ನಿಶಾಮಕದ ಖರ್ಚು ಮಾತ್ರ ಆ ಪುರಸಭೆಯ ಗೆರೆಯೊಳಗೆ ಮಲಗಿ ಏಳುವವರದು. ಎಲ್ಲಿಯವರು ಅಂತ ಕೇಳಿದರೆ ನಾವೆಲ್ಲ ಆ ನಗರದ ಹೆಸರನ್ನೇ ಹೇಳುತ್ತೇವೆ. ಬಡಾವಣೆಯ ಹೆಸರು ಹೇಳುವುದಿಲ್ಲ.

ಚಿಕ್ಕಪ್ಪ: ಇದನ್ನು ಅಣ್ಣನಿಗೆ ಪ್ರಿಂಟ್ ಹಾಕಿ ಕೊಡಿ.

ದೊಡ್ಡಪ್ಪ: ನಾನು ಗುಂಪು ಬಿಡುತ್ತೇನೆ.

ಅತ್ತೆ: ಯಾರೂ ಬಿಡುವುದು ಬೇಡ. ಕಳೆದ ಸಲ ಬಿಟ್ಟು ಮತ್ತೆ ಸೇರಿಸಲು ನಾನು ಎಷ್ಟು ಒದ್ದಾಡಿದೆ.

ಭಾವ: ಕೊಡಲು ನಾನು ತಯಾರಿಲ್ಲ ಅಂತಲ್ಲ. ಆದರೆ ಆ ನಗರಸಭೆಗೆ ನನ್ನ ಓಟು ಇಲ್ಲ. ದುಡ್ಡು ನನ್ನದು, ತೀರ್ಮಾನ ಅವರದು. ಅದು ನ್ಯಾಯವಾ?

ಗುಂಪಿನಲ್ಲಿ ಆ ದಿನ ಬಂದ ಅತ್ಯಂತ ಒಳ್ಳೆಯ ಮಾತು ಇದು ಅಂತ ನನಗೆ ಅನಿಸಿತು. ಫಾರ್ವರ್ಡ್‌ನಲ್ಲಿ ಇದು ಇರಲೇ ಇಲ್ಲ. ಭಾವ ಅದನ್ನು ಹಂಚಿದ್ದು ಇದಕ್ಕಾಗಿ.

ನಾನು: ನ್ಯಾಯ ಅಲ್ಲ ಭಾವ. ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿ ಇದೇ ಆಯಿತು. 2006ರ ಜನವರಿಯಿಂದ ಜುಲೈವರೆಗೆ ಪ್ರಯೋಗ ಅಂತ ಶುಲ್ಕ ಹಾಕಿದರು. ನಡುಭಾಗಕ್ಕೆ ಬಂದು ಹೋಗುವ ವಾಹನ ಸುಮಾರು ಐದರಲ್ಲಿ ಒಂದರಷ್ಟು ಕಡಿಮೆಯಾಯಿತು. ಸೆಪ್ಟೆಂಬರ್‌ನಲ್ಲಿ ಮತ ಕೇಳಿದಾಗ ನಗರದೊಳಗಿನವರು ಬೇಕು ಅಂದರು. ಸುತ್ತಲಿನ ಕೆಲವು ಪುರಸಭೆಗಳು ತಾವೇ ಮತದಾನ ಇಟ್ಟುಕೊಂಡವು. ಅಲ್ಲಿನ ಒಟ್ಟು ಮತದಲ್ಲಿ ಬೇಡ ಅನ್ನುವುದು ಗೆದ್ದಿತು. ಆದರೂ 2007ರ ಆಗಸ್ಟ್‌ನಲ್ಲಿ ಶುಲ್ಕ ಕಾಯಂ ಆಯಿತು.

ಭಾವ: ನೋಡಿದಿರಾ? ಇದಕ್ಕೇ ನನಗೆ ಸಿಟ್ಟು.

ನಾನು: ಈಗ ಅಮೆರಿಕದ ಡೆಟ್ರಾಯಿಟ್ ನೋಡಿ. 1950ರಲ್ಲಿ ಆ ನಗರದಲ್ಲಿ ಸುಮಾರು 18.5 ಲಕ್ಷ ಜನ ಇದ್ದರು. 2020ರಲ್ಲಿ ಸುಮಾರು 6.4 ಲಕ್ಷ. ಬಡಾವಣೆಗಳು ಬೆಳೆದವು, ನಗರ ಸೊರಗಿತು. ಒಳಗಿನವರಿಗೂ ಹೊರಗಿನವರಿಗೂ ದಶಕಗಳ ಮನಸ್ತಾಪ, ಅದರಲ್ಲಿ ವರ್ಣಭೇದದ ಪಾಲು ದೊಡ್ಡದು. ಅಂಥ ಜಾಗದಲ್ಲಿ 2012ರ ಆಗಸ್ಟ್‌ನಲ್ಲಿ ಜನರನ್ನೇ ಕೇಳಿದರು. ನಗರದೊಳಗಿನ ಕಲಾ ಸಂಗ್ರಹಾಲಯಕ್ಕೆ ಹತ್ತು ವರ್ಷ ಆಸ್ತಿ ತೆರಿಗೆಯ ಜೊತೆ ಸ್ವಲ್ಪ ಹೆಚ್ಚು ಕೊಡುತ್ತೀರಾ, ತೆರಿಗೆಗೆ ಹಿಡಿಯುವ ಮೌಲ್ಯದ ಪ್ರತಿ 1,000 ಡಾಲರ್‌ಗೆ 20 ಸೆಂಟ್? ನಗರವೂ ಸೇರಿದ ವೇಯ್ನ್, ಪಕ್ಕದ ಓಕ್ಲೆಂಡ್, ಮಕೋಂಬ್ ಕೌಂಟಿಗಳು (ನಮ್ಮ ಜಿಲ್ಲೆಗಳಂತೆ) ಬೇರೆ ಬೇರೆಯಾಗಿ ಮತ ಹಾಕಿದವು. ಒಪ್ಪಿದ ಕೌಂಟಿಯವರಿಗೆ ಪ್ರವೇಶ ಉಚಿತ. ಮೂರೂ ಒಪ್ಪಿದವು. ಮಕೋಂಬ್‌ನಲ್ಲಿ ಗೆದ್ದದ್ದು ಕೂದಲೆಳೆಯಲ್ಲಿ. ಮರುವರ್ಷ ನಗರ ದಿವಾಳಿ ಅರ್ಜಿ ಹಾಕಿತು. ಆದರೂ 2020ರಲ್ಲಿ ಹೊರಗಿನವರು ಮತ್ತೆ ಹತ್ತು ವರ್ಷಕ್ಕೆ ಹೂಂ ಅಂದರು.

ಪುಟ್ಟಿ: ಅರ್ಧ ಕಥೆ ಮಾತ್ರ ಹೇಳುತ್ತಿದ್ದೀಯ ಅಣ್ಣ. ಅಲ್ಲೇ 2016ರಲ್ಲಿ ಇಡೀ ಪ್ರದೇಶಕ್ಕೆ ಬಸ್ಸು, ರೈಲು ಅಂತ ತೆರಿಗೆ ಕೇಳಿದಾಗ ಸ್ವಲ್ಪದರಲ್ಲಿ ಸೋತಿತು. ಮಕೋಂಬ್ ಬೇಡವೇ ಬೇಡ ಅಂದಿತು. ಚಿತ್ರ ನೋಡಲು ದುಡ್ಡು ಇದೆ, ಒಳಗಿನವರು ಹೊರಗೆ ಕೆಲಸಕ್ಕೆ ಹೋಗುವ ಬಸ್ಸಿಗೆ ಇಲ್ಲ.

ನಾನು: ಸರಿ, ಅದೂ ಸೇರಲಿ. ನನಗೆ ಅದರಲ್ಲಿ ಕಾಣುವುದು ಇದು. ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ ಅಂತ ಹೊರಗಿನವರಿಗೆ ಅನಿಸಿತು. ಬಸ್ಸು ಯಾರಿಗೋ ಅಂತ ಅನಿಸಿತು. ತಮ್ಮದು ಅಂತ ಅನಿಸಿದ್ದಕ್ಕೆ ಜನ ಕೊಡುತ್ತಾರೆ.

ಗುಂಡಣ್ಣ: ಹಳೇ ಮನೆ ಹತ್ತಿರದ ಲೈಬ್ರರಿ ಇನ್ನೂ ಇದೆಯಾ ಚಿಕ್ಕಪ್ಪ? ಅಲ್ಲಿ ಒಂದು ಮರದ ಏಣಿ ಇತ್ತು.

ಚಿಕ್ಕಪ್ಪ: ಇದೆ. ನೀನು ಬಂದರೆ ತೋರಿಸಬಹುದು. ಬರುವುದಿಲ್ಲವಲ್ಲ.

ಗುಂಡಣ್ಣ: ಪಾರ್ಕಿಂಗ್ ಸಿಗುವುದಿಲ್ಲ ಚಿಕ್ಕಪ್ಪ.

ಚಿಕ್ಕಪ್ಪ: ನನ್ನ ಷಷ್ಟಿಪೂರ್ತಿಗೂ ಇದನ್ನೇ ಹೇಳಿದಿರಿ. ಎಲ್ಲರೂ ಊಟ ಮುಗಿದ ಮೇಲೆ ಬಂದಿರಿ. ನಾನು ಮರೆತಿಲ್ಲ.

ಆಮೇಲೆ ಷಷ್ಟಿಪೂರ್ತಿಗೆ ಯಾರು ಎಷ್ಟು ಹೊತ್ತಿಗೆ ಬಂದರು ಅನ್ನುವುದರ ಮೇಲೆ ಬಹಳ ಹೊತ್ತು ನಡೆಯಿತು. ಅದನ್ನು ಬಿಟ್ಟಿದ್ದೇನೆ. ಸಂಜೆ ಅಕ್ಕ ಮೊದಲ ಬಾರಿ ಬರೆದಳು. ಅವಳು ನಡುಭಾಗದ ಆಸ್ಪತ್ರೆಯೊಂದರಲ್ಲಿ ನರ್ಸ್.

ಅಕ್ಕ: ಈಗಷ್ಟೇ ಫೋನ್ ನೋಡಿದೆ. ಅಲ್ಲಿಗೆ ಯಾರೂ ಹೋಗುವುದಿಲ್ಲ ಅಂತ ಹಾಕಿದ್ದು ಯಾರು? ನಾನು ವಾರಕ್ಕೆ ಐದು ದಿನ ಅಲ್ಲೇ ಇರುತ್ತೇನೆ.

ಪುಟ್ಟಿ: ಭಾವ?

ಭಾವ: ಆ ಸಾಲು ನಾನು ಬರೆದದ್ದಲ್ಲ.

ಅಕ್ಕ: ಕಳಿಸಿದ್ದು ನೀವೇ ತಾನೇ?

ಭಾವ: ನನಗೆ ಆ ಊರ ಮೇಲೆ ಏನೂ ಕೋಪ ಇಲ್ಲ. ನೀನು ಕತ್ತಲಲ್ಲಿ ಹೊರಟು ಕತ್ತಲಲ್ಲಿ ವಾಪಸ್ ಬರುತ್ತೀಯ. ಇರುವ ಒಂದು ದಾರಿ ಕಾರು. ಅದಕ್ಕೂ ದುಡ್ಡು ಹಾಕಿದರೆ ನಾವು ಏನು ಮಾಡುವುದು? ಅದಕ್ಕೇ ಕಳಿಸಿದೆ. ಇದನ್ನು ನೇರ ಹೇಳಿದರೆ ಗುಂಪಿನಲ್ಲಿ ಯಾರೂ ಕೇಳುವುದಿಲ್ಲ.

ದೊಡ್ಡಪ್ಪ ಇದಕ್ಕೆ ಕೈಮುಗಿಯುವ ಗುರುತು ಹಾಕಿದರು. ಪುಟ್ಟಿ ಏನೂ ಹಾಕಲಿಲ್ಲ. ಅವಳು ಯೋಚಿಸುತ್ತಿದ್ದಳು ಅಂತ ನನಗೆ ಗೊತ್ತು. ಹತ್ತು ನಿಮಿಷದ ಮೇಲೆ ಬರೆದಳು.

ಪುಟ್ಟಿ: ಸ್ಟಾಕ್‌ಹೋಮ್‌ನಲ್ಲಿ ಕ್ರಮ ಹೇಗಿತ್ತು ಅಂತ ಈಗ ಓದಿದೆ. ಶುಲ್ಕ ಬಂದದ್ದು 2006ರ ಜನವರಿಯಲ್ಲಿ. ಹೆಚ್ಚುವರಿ ಬಸ್ಸುಗಳು 2005ರ ಆಗಸ್ಟ್‌ನಲ್ಲೇ ಶುರುವಾಗಿದ್ದವು. ಲಂಡನ್‌ನಲ್ಲೂ ಶುಲ್ಕದ ಜೊತೆಗೆ ಹೆಚ್ಚು ಬಸ್ಸು ಬಿಟ್ಟರು. ಮೊದಲು ಬಸ್ಸು, ಆಮೇಲೆ ಶುಲ್ಕ. ಭಾವ ಕೇಳಬೇಕಾದದ್ದು ಇದನ್ನು.

ನಾನು: ಮತ್ತೆ ಓಟು. ದುಡ್ಡು ಕೊಡುವ ಎಲ್ಲ ಪುರಸಭೆಗಳೂ ಸೇರಿ ತೀರ್ಮಾನ ಮಾಡುವಂಥ ಒಂದು ಸಂಸ್ಥೆ ಬೇಕು. ಡೆಟ್ರಾಯಿಟ್‌ನಲ್ಲಿ ಒಂದು ಸಂಗ್ರಹಾಲಯಕ್ಕೆ ಸಾಧ್ಯವಾದದ್ದು ರಸ್ತೆಗೂ ರೈಲಿಗೂ ಯಾಕೆ ಆಗಬಾರದು?

ಅಕ್ಕ: ನಮ್ಮ ಬಡಾವಣೆಯಿಂದ ಬೆಳಗ್ಗೆ ಐದೂವರೆಗೆ ಒಂದು ಬಸ್ಸು, ರಾತ್ರಿ ಒಂಬತ್ತಕ್ಕೆ ವಾಪಸ್ ಒಂದು ಬಸ್ಸು. ಅಷ್ಟು ಇದ್ದರೆ ನಾನು ಕಾರನ್ನೇ ತೆಗೆಯುವುದಿಲ್ಲ. ನಮ್ಮ ವಾರ್ಡಿನಲ್ಲಿ ಅರ್ಧ ಜನ ಹೊರವಲಯದಿಂದ ಬರುವವರೇ. ಅವರನ್ನೂ ಕೇಳಿ ಪಟ್ಟಿ ಮಾಡುತ್ತೇನೆ.

ಭಾವ: ಪಟ್ಟಿ ಕೊಡು. ಅರ್ಜಿ ನಾನು ಬರೆಯುತ್ತೇನೆ. ಪುಟ್ಟಿ, ಒಮ್ಮೆ ಓದಿ ತಪ್ಪು ಹಿಡಿದುಕೊಡು.

ಪುಟ್ಟಿ: ಅಂಕಿಗಳಿಗೆ ಮೂಲ ಹಾಕಿದರೆ ಮಾತ್ರ.

ಚಿಕ್ಕಪ್ಪ: ಡ್ಯೂಟಿ ತಡವಾದ ದಿನ ಇಲ್ಲೇ ನಮ್ಮ ಮನೆಗೆ ಬಂದು ಮಲಗಮ್ಮ. ಆಸ್ಪತ್ರೆಯಿಂದ ನಡೆದೇ ಬರಬಹುದು. ಕೀಲಿ ಕೊಟ್ಟಿರುತ್ತೇನೆ.